ಮರೇಡ್ ನೀ ವೀನಿ

ಮರೇಡ್ ನೀ ವೀನಿ (ಜನನ 26 ಜುಲೈ 1959): ಐರ್ಲೆಂಡಿನ ಸಾಂಪ್ರದಾಯಿಕ ಗಾಯಕಿ, ಪಿಟೀಲು ವಾದಕಿ. 'ಅಲ್ಟನ್' ಮೇಳದ ಸ್ಥಾಪಕರಲ್ಲಿ ಒಬ್ಬರು. ಆ ಮೇಳದ ಹಾಡುವ ದನಿ ಮೊದಲಿನಿಂದಲೂ ಅವರದೇ. ಐರ್ಲೆಂಡಿನ ವಾಯವ್ಯ ಮೂಲೆಯ ಡೊನೆಗಾಲ್ ಕೌಂಟಿಯ ಪಿಟೀಲು ಬಾನಿ ಬಹುಕಾಲ ಆ ದೇಶದೊಳಗೇ ಹೊರಗಿನದರಂತೆ ಇತ್ತು. ಅದರಲ್ಲಿ ಸ್ಕಾಟ್ಲೆಂಡಿನ ವಾಸನೆ ಹೆಚ್ಚು ಎಂದು ಬದಿಗಿಟ್ಟವರೂ ಇದ್ದರು. ಆ ಬಾನಿಯ ಒರಟನ್ನು ಉಜ್ಜಿ ನುಣುಪು ಮಾಡದೆ, ಇದ್ದ ಹಾಗೆಯೇ ದೊಡ್ಡ ವೇದಿಕೆಗೆ ತಂದದ್ದು ಇವರ ಸಾಧನೆ. ಹಾಡಿನಲ್ಲೂ ಹಾಗೆಯೇ: ಹಾಡಿದ್ದು ಬಹುಮಟ್ಟಿಗೆ ತಮ್ಮ ಊರಿನ ಐರಿಶ್ ಮಾತಿನಲ್ಲಿ, ಊರಿನವರ ಉಚ್ಚಾರದಲ್ಲಿ.

ಹೆಸರಿನ ಬಗ್ಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಓದುಗರು ಎಡವುವುದು ಅಲ್ಲೇ. ಐರಿಶ್ ಭಾಷೆಯಲ್ಲಿ ಮನೆತನದ ಹೆಸರಿಗೆ ಗಂಡಸರಿಗೊಂದು ರೂಪ, ಹೆಂಗಸರಿಗೊಂದು ರೂಪ. ತಂದೆ 'ಓ ಮೀನಿ'. ಮಗಳು 'ನೀ ವೀನಿ'. 'ಓ' ಎಂದರೆ ವಂಶದವನು, 'ನೀ' ಎಂದರೆ ಆ ವಂಶದ ಮಗಳು. 'ನೀ' ಮುಂದೆ ಬಂದೊಡನೆ ಮಕಾರ ಮೆತ್ತಗಾಗಿ ವಕಾರವಾಗುತ್ತದೆ. ನಮ್ಮ ಆದೇಶಸಂಧಿಯಲ್ಲಿ ಮಳೆಯ ಜೊತೆ ಸೇರಿದ 'ಕಾಲ' 'ಗಾಲ'ವಾಗುವುದನ್ನು ಬಲ್ಲವರಿಗೆ ಇದು ವಿಚಿತ್ರವೆನಿಸದು. ಇಂಗ್ಲಿಷಿನಲ್ಲಿ ಇದೇ ಮನೆತನವನ್ನು ಮೂನಿ ಎಂದು ಕರೆಯುತ್ತಾರೆ.

ಊರು

ಮರೇಡ್ ಬೆಳೆದ ಗ್ವೀಡೋರ್ ಅಟ್ಲಾಂಟಿಕ್ ಅಂಚಿನ ಊರು. ಒಂದೇ ಊರೆನ್ನುವುದಕ್ಕಿಂತ ಕಲ್ಲುನೆಲದ ಮೇಲೆ ಚದುರಿ ನಿಂತ ಮನೆಗಳ ಸೀಮೆ ಎನ್ನಬೇಕು. ಹಿಂದೆ 751 ಮೀಟರ್ ಎತ್ತರದ ಎರಿಗಲ್ ಬೆಟ್ಟ. ಮುಂದೆ ಕಡಲು, ಕಡಲಲ್ಲಿ ಗೋಲಾ, ಟೋರಿ ಮುಂತಾದ ದ್ವೀಪಗಳು. ಐರಿಶ್ ಭಾಷೆ ಇನ್ನೂ ದಿನಬಳಕೆಯಲ್ಲಿರುವ ಸೀಮೆಗಳನ್ನು ಐರ್ಲೆಂಡಿನಲ್ಲಿ 'ಗೇಲ್ತಖ್ತ್' ಎನ್ನುತ್ತಾರೆ. ಗ್ವೀಡೋರ್ ಅವುಗಳಲ್ಲಿ ಪ್ರಮುಖವಾದದ್ದು. ಕ್ಲಾನಡ್ ಮೇಳವೂ ಗಾಯಕಿ ಎನ್ಯಾ ಕೂಡ ಇದೇ ಸೀಮೆಯವರು. ಇಷ್ಟು ಸಣ್ಣ ಜಾಗದಿಂದ ಇಷ್ಟು ಹೆಸರುಗಳು ಬಂದದ್ದು ಕಾಕತಾಳೀಯವಲ್ಲ. ಮನೆಗಳಲ್ಲಿ ಹಾಡು ನಡೆಯುತ್ತಿತ್ತು, ಭಾಷೆ ಉಳಿದಿತ್ತು.

ಭೂಪಟ ನೋಡಿದರೆ ಡೊನೆಗಾಲ್‌ನ ಒಂಟಿತನ ತಿಳಿಯುತ್ತದೆ. 1920ರ ದಶಕದ ಆರಂಭದಲ್ಲಿ ದೇಶ ಇಬ್ಭಾಗವಾದಾಗ ಈ ಕೌಂಟಿ ಮುಂದೆ ಐರಿಶ್ ಗಣರಾಜ್ಯವಾದ ಭಾಗಕ್ಕೆ ಸೇರಿತು. ಆದರೆ ಅದರ ನೆಲದ ಗಡಿ ಬಹುಪಾಲು ಉತ್ತರ ಐರ್ಲೆಂಡಿನೊಂದಿಗೆ. ಗಣರಾಜ್ಯದ ಉಳಿದ ಕೌಂಟಿಗಳಲ್ಲಿ ಲೀಟ್ರಿಮ್ ಒಂದೇ ಇದಕ್ಕೆ ತಾಗುವುದು. ಡಬ್ಲಿನ್ ದೂರ, ಸ್ಕಾಟ್ಲೆಂಡ್ ಹತ್ತಿರ. ತಲೆಮಾರುಗಳ ಕಾಲ ಇಲ್ಲಿಯ ಗಂಡಸರು, ಹೆಂಗಸರು, ಮಕ್ಕಳೂ ಕೂಡ ಬೇಸಿಗೆಯಿಂದ ಶರತ್ಕಾಲದವರೆಗೆ ಸ್ಕಾಟ್ಲೆಂಡಿನ ಹೊಲಗಳಿಗೆ ಆಲೂಗಡ್ಡೆ ಕೀಳಲು ಕೂಲಿಗೆ ಹೋಗಿ ಬರುತ್ತಿದ್ದರು. ಕೂಲಿಯ ಜೊತೆಗೆ ಮಟ್ಟುಗಳೂ ಮನೆಗೆ ಬಂದವು. ಡೊನೆಗಾಲ್ ಪಿಟೀಲಿನಲ್ಲಿ ಕೇಳುವ 'ಹೈಲ್ಯಾಂಡ್' ಎಂಬ ಕುಣಿತದ ಮಟ್ಟು ಸ್ಕಾಟಿಷ್ 'ಸ್ಟ್ರಾತ್‌ಸ್ಪೇ'ಯ ನೆಂಟ. ಬೇರೆ ಕೌಂಟಿಗಳಲ್ಲಿ ಅಪರೂಪವಾದ ಮಜುರ್ಕಾ ಕೂಡ ಇಲ್ಲಿ ಮನೆಮಾತು.

ಕಮಾನಿನ ಕೆಲಸ

ಫಿಡಲ್ ಎಂಬ ಮಾತೇ ನಮ್ಮ ಬಾಯಲ್ಲಿ ಪಿಟೀಲಾಯಿತು; ವಾದ್ಯವೂ ಅದೇ ವಯೊಲಿನ್. ಐರಿಶ್ ವಾದಕರು ಅದನ್ನು ಕುತ್ತಿಗೆಗೋ ಎದೆಗೋ ಆನಿಸಿ ಹಿಡಿಯುತ್ತಾರೆ, ಶ್ರುತಿ ಪಾಶ್ಚಾತ್ಯ ರೀತಿಯದು. ಕುಣಿತದ ಮಟ್ಟುಗಳ ಕಟ್ಟಡ ಸರಳ: ಎಂಟೆಂಟು ಆವರ್ತದ ಎರಡು ಭಾಗ, ಒಂದೊಂದೂ ಎರಡು ಸಲ. ಇಡೀ ಮಟ್ಟನ್ನು ಎರಡೋ ಮೂರೋ ಬಾರಿ ನುಡಿಸಿ, ನಿಲ್ಲದೆ ಇನ್ನೊಂದಕ್ಕೆ ಹಾರುತ್ತಾರೆ. ರಾಗವಿಸ್ತಾರಕ್ಕೆ ಒಗ್ಗಿದ ಕಿವಿಗೆ ಇದು ಮೊದಲು ಒಂದೇ ಸಮನೆ ಓಡುವ ಸಂಗೀತವೆನಿಸಬಹುದು. ಕೇಳಬೇಕಾದ್ದು ಓಟದೊಳಗಿನ ಸಣ್ಣ ಸಣ್ಣ ಬದಲಾವಣೆಗಳನ್ನು, ಮತ್ತು ಕಮಾನನ್ನು.

ಬಹುಪಾಲು ಐರಿಶ್ ಬಾನಿಗಳಲ್ಲಿ ಒಂದೇ ಎಳೆತದಲ್ಲಿ ಹಲವು ಸ್ವರಗಳನ್ನು ಜಾರಿಸಿ ನುಡಿಸುವುದುಂಟು. ಅಲಂಕಾರದ ಹೊಣೆ ಎಡಗೈ ಬೆರಳುಗಳದು. ಸ್ವರವೊಂದರ ಸುತ್ತ ಮೇಲೆ ಕೆಳಗೆ ಮುಟ್ಟಿ ಬರುವ 'ರೋಲ್' ಅದರ ಮುಖ್ಯ ಒಡವೆ. ಡೊನೆಗಾಲ್‌ನಲ್ಲಿ ದುಡಿಯುವುದು ಬಲಗೈ. ಹೆಚ್ಚುಕಡಿಮೆ ಸ್ವರಕ್ಕೊಂದು ಎಳೆತ, ಅದೂ ಗಿಡ್ಡ. ಒಡವೆ ಬೇಕೆನಿಸಿದಲ್ಲಿ ಒಂದೇ ಸ್ವರವನ್ನು ಕಮಾನಿನಿಂದ ಮೂರು ತುಂಡು ಮಾಡಿ ಬಿಡುತ್ತಾರೆ. ಬಿಸಿ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಅದು ಚಟಪಟನೆ ಕೇಳುತ್ತದೆ. ವೇಗ ಜಾಸ್ತಿ, ಸಿಂಗಾರ ಕಡಿಮೆ. ಜೊತೆಗೆ ಎರಡು ತಂತಿಗಳನ್ನು ಒಟ್ಟಿಗೆ ಉಜ್ಜಿ ಬ್ಯಾಗ್‌ಪೈಪಿನ ಶ್ರುತಿಯಂಥ ಗುಂಯ್ ದನಿಯನ್ನು ಹಿಂದೆ ಇಡುವ ಅಭ್ಯಾಸ. ಕೆಲವು ಮಟ್ಟುಗಳಿಗಾಗಿ ಕೆಳಗಿನ ಎರಡು ತಂತಿಗಳನ್ನು ಏರಿಸಿ, ಮೇಲಿನ ಎರಡಕ್ಕೆ ಸರಿಯಾಗಿ ಒಂದು ಸ್ಥಾಯಿ ಕೆಳಗೆ ನಿಲ್ಲಿಸುವುದೂ ಉಂಟು. ಹಾಗೆ ಮಾಡಿದಾಗ ನಾಲ್ಕು ತಂತಿಗಳು ಸ-ಪ-ಸ-ಪ ಆಗುತ್ತವೆ, ಅಂದರೆ ಕರ್ನಾಟಕ ಸಂಗೀತದ ವಯೊಲಿನ್ ಶ್ರುತಿಯ ಕ್ರಮವೇ. ಇದಕ್ಕೆ ಎರಡು ಸಂಪ್ರದಾಯಗಳ ನಡುವಿನ ಕೊಡುಕೊಳ್ಳುವಿಕೆಯೇ ಕಾರಣ ಎನ್ನಬೇಕಾಗಿಲ್ಲ. ತಂತಿ ಮಿಡಿಯುವಾಗ ಪಕ್ಕದ ತಂತಿಯೂ ಅನುರಣಿಸಲಿ ಎಂಬ ಆಸೆ ಇಬ್ಬರಿಗೂ ಇತ್ತು, ಅಷ್ಟೆ.

ಜೋಡಿ ವಾದನ ಈ ಸೀಮೆಯ ಇನ್ನೊಂದು ಗುರುತು. ಒಬ್ಬರು ಮಟ್ಟನ್ನು ನುಡಿಸುತ್ತಿದ್ದರೆ ಇನ್ನೊಬ್ಬರು ಅದನ್ನೇ ಒಂದು ಸ್ಥಾಯಿ ಕೆಳಗೆ ನುಡಿಸುತ್ತಾರೆ. ಕಿಲ್‌ಕಾರ್ ಕಡೆಯ ಬರ್ನ್ ಸಹೋದರರು ಇದಕ್ಕೆ ಹೆಸರಾಗಿದ್ದರು.

ಈ ಬಾನಿ ಮೂಲೆಗೆ ಬಿದ್ದದ್ದೇಕೆ? ಗ್ರಾಮಫೋನ್ ತಟ್ಟೆಗಳು ಒಂದು ಕಾರಣ. ಸ್ಲೈಗೋ ಕೌಂಟಿಯಿಂದ ನ್ಯೂಯಾರ್ಕಿಗೆ ವಲಸೆ ಹೋದ ಮೈಕೆಲ್ ಕೋಲ್ಮನ್ (1891–1945) 1920ರ ದಶಕದಲ್ಲಿ ಅಲ್ಲಿ ಧ್ವನಿಮುದ್ರಿಸಿದ ತಟ್ಟೆಗಳು ಐರ್ಲೆಂಡಿಗೆ ಮರಳಿ ಬಂದವು. ಹಳ್ಳಿ ಹಳ್ಳಿಯ ವಾದಕರು ಅವನ್ನು ಕೇಳಿ ಕೇಳಿ ಕಲಿತರು. ಸ್ಲೈಗೋ ರೀತಿಯೇ ಐರಿಶ್ ಪಿಟೀಲು ಎಂಬಂತಾಯಿತು. ಅತ್ತ ಡೊನೆಗಾಲ್‌ನ ದೊಡ್ಡ ವಾದಕ ಜಾನ್ ಡೊಹರ್ಟಿ (ಮರಣ 1980) ತಗಡಿನ ಕೆಲಸದವರ ಅಲೆಮಾರಿ ಮನೆತನದವರು. ಮನೆಯಿಂದ ಮನೆಗೆ ತಿರುಗುವಾಗ ಎಷ್ಟೋ ಸಲ ಅವರ ಬಳಿ ವಾದ್ಯವೇ ಇರುತ್ತಿರಲಿಲ್ಲ. ಹೋದ ಮನೆಯಲ್ಲಿ ಗೋಡೆಗೆ ತೂಗುಹಾಕಿದ್ದ ಪಿಟೀಲನ್ನು ಇಳಿಸಿಕೊಡುತ್ತಿದ್ದರು. ಅವರು ಒಲೆಯ ಪಕ್ಕ ಕೂತು ನುಡಿಸುತ್ತಿದ್ದರು, ನಡುನಡುವೆ ಆ ಮಟ್ಟು ಯಕ್ಷಿಣಿಯರಿಂದಲೋ ದೆವ್ವದಿಂದಲೋ ಬಂದ ಕತೆ ಹೇಳುತ್ತಿದ್ದರು. ಮರದ ವಾದ್ಯಕ್ಕೆ ಕಾಸಿಲ್ಲದವರಿಗೆ ಇಂಥ ಮನೆತನಗಳು ತಗಡಿನಲ್ಲೇ ಪಿಟೀಲು ಮಾಡಿಕೊಡುತ್ತಿದ್ದವು. ಇದೆಲ್ಲ ತಟ್ಟೆಯ ವ್ಯಾಪಾರಕ್ಕೆ ಸಿಗುವಂಥದ್ದಾಗಿರಲಿಲ್ಲ.

ಮನೆ, ಮದುವೆ, ಮೇಳ

ಮರೇಡ್‌ರ ತಂದೆ ಪ್ರೊನ್ಶಿಯಸ್ ಓ ಮೀನಿ, ಊರವರ ಬಾಯಲ್ಲಿ ಫ್ರಾನ್ಸಿ, ಶಾಲಾ ಮೇಷ್ಟ್ರು. ಪಿಟೀಲು ನುಡಿಸುವವರು, ಐರಿಶ್‌ನಲ್ಲಿ ಹಾಡು, ನಾಟಕ ಬರೆಯುವವರು. ಗ್ವೀಡೋರಿನ ಹಸಿರು ಕಣಿವೆಗಳನ್ನು ನೆನೆದು ಅವರು ಕಟ್ಟಿದ ಹಾಡು ಈಗ ಆ ಸೀಮೆಯ ನಾಡಗೀತೆಯಂತಾಗಿದೆ. ಎಷ್ಟೋ ಮಂದಿ ಅದನ್ನು ಹಳೆಯ ಜನಪದ ಗೀತೆ ಎಂದೇ ತಿಳಿದಿದ್ದಾರೆ. ಕವಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಮಗಳಿಗೆ ಮೊದಲ ಪಾಠ ಅವರದೇ. ಆಮೇಲೆ ಇನಿಶೋವನ್ ಕಡೆಯ ಡಿನ್ನಿ ಮೆಕ್‌ಲಾಕ್ಲಿನ್ ಕಲಿಸಿದರು. ಅವರು ಕುಣಿತದಲ್ಲೂ ಗಟ್ಟಿಗರು, ಹಾಗಾಗಿ ಕಾಲಿನ ಲೆಕ್ಕ ಕೈಗೆ ಬಂತು. ತಂದೆ ಮಗಳು ಊರಿನ ಹ್ಯೂಡಿ ಬೆಗ್ ಪಬ್ಬಿನಲ್ಲಿ ಬೇರೆ ವಾದಕರ ಜೊತೆ ಕೂತು ನುಡಿಸುವುದು ವರ್ಷಗಟ್ಟಲೆ ನಡೆಯಿತು. ಅಣ್ಣತಮ್ಮ ಅಕ್ಕತಂಗಿಯರಲ್ಲಿ ಗಿಟಾರು ನುಡಿಸುವ ಗೆರೋಡ್, ಹಾಡುವ ಆನಾ ಇಬ್ಬರೂ ಮುಂದೆ ಧ್ವನಿಮುದ್ರಿಕೆಗಳಲ್ಲಿ ಜೊತೆಯಾದರು.

1970ರ ದಶಕದಲ್ಲಿ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರ ಬಾಂಬು, ಗುಂಡಿನ ಸದ್ದಿನಲ್ಲಿ ದಿನ ದೂಡುತ್ತಿತ್ತು. ಅಲ್ಲಿಂದ ರಜೆಗೆ ಗ್ವೀಡೋರಿಗೆ ಬರುತ್ತಿದ್ದ ಫ್ರಾಂಕಿ ಕೆನಡಿ (1955–1994) ಎಂಬ ತರುಣ ಹದಿಹರೆಯದ ಮರೇಡ್‌ಳನ್ನು ಕಂಡ. ಅವಳಿದ್ದಲ್ಲೆಲ್ಲ ಸಂಗೀತ, ಸುಮ್ಮನೆ ಕೂತರೆ ಅವಳ ಲೋಕದಲ್ಲಿ ಜಾಗವಿಲ್ಲ. ಮೊದಲು ತಗಡಿನ ಸೀಟಿಕೊಳಲು, ಆಮೇಲೆ ಮರದ ಅಡ್ಡಕೊಳಲು ಕಲಿತ. ಪ್ರೀತಿಗಾಗಿ ಶುರುವಾದ ಕಲಿಕೆ ಅವರನ್ನು ಆ ತಲೆಮಾರಿನ ಉತ್ತಮ ಕೊಳಲುವಾದಕರ ಸಾಲಿಗೆ ಸೇರಿಸಿತು. ಇಬ್ಬರೂ ಡಬ್ಲಿನ್ನಿನಲ್ಲಿ ಶಿಕ್ಷಕರ ತರಬೇತಿ ಪಡೆದರು, 1981ರಲ್ಲಿ ಮದುವೆಯಾದರು, ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತ ಸಂಜೆಯಾದರೆ ನುಡಿಸುತ್ತ ಇದ್ದರು. ಮರೇಡ್ ಐರಿಶ್ ಆಕಾಶವಾಣಿಯಲ್ಲಿ 'ದಿ ಲಾಂಗ್ ನೋಟ್' ಎಂಬ ಸಂಗೀತ ಕಾರ್ಯಕ್ರಮವನ್ನೂ ನಡೆಸಿಕೊಟ್ಟರು.

1983ರಲ್ಲಿ ದಂಪತಿಯ ಮೊದಲ ಧ್ವನಿಮುದ್ರಿಕೆ 'ಕ್ಯೋಲ್ ಅದೂಯಿ' ಬಂತು. ಹೆಸರಿನ ಅರ್ಥ 'ಉತ್ತರದ ಸಂಗೀತ'. ಇದರಲ್ಲಿ ಸಿಂಥಸೈಜರ್ ನುಡಿಸಿದವರು ಆಗಿನ್ನೂ ಹೊರಲೋಕಕ್ಕೆ ಗೊತ್ತಿಲ್ಲದ ಎನ್ಯಾ. 1987ರಲ್ಲಿ 'ಅಲ್ಟನ್' ಎಂಬ ಎರಡನೆಯದು ಹೊರಬಂತು. ನಿರ್ಮಾಪಕರು ಡೋನಲ್ ಲನ್ನಿ. ಬೂಜೂಕಿ ಎಂಬ ತಂತಿವಾದ್ಯದಲ್ಲಿ ಕೀರನ್ ಕರನ್, ಗಿಟಾರಿನಲ್ಲಿ ಮಾರ್ಕ್ ಕೆಲಿ. ಅಲ್ಟನ್ ಎಂಬುದು ಎರಿಗಲ್ ಬೆಟ್ಟದ ಬೆನ್ನಿಗಿರುವ ಸರೋವರ. ಮುದ್ರಿಕೆಯ ಹೆಸರೇ ಮೇಳದ ಹೆಸರಾಯಿತು, ಮೇಷ್ಟ್ರ ಕೆಲಸ ಹಿಂದೆ ಉಳಿಯಿತು. 'ಹಾರ್ಸ್ ವಿತ್ ಎ ಹಾರ್ಟ್' (1989), 'ದಿ ರೆಡ್ ಕ್ರೋ' (1990), 'ಹಾರ್ವೆಸ್ಟ್ ಸ್ಟಾರ್ಮ್' (1992), 'ಐಲ್ಯಾಂಡ್ ಏಂಜೆಲ್' (1993) ಒಂದರ ಹಿಂದೊಂದು ಬಂದವು.

ಮೇಳದ ಗುಟ್ಟು ಅದರ ಮುಂದಿನ ಸಾಲಿನಲ್ಲಿತ್ತು: ಎರಡು ಪಿಟೀಲು, ಒಂದು ಕೊಳಲು. ಮರೇಡ್‌ರ ಪಕ್ಕದಲ್ಲಿ ಮೊದಲು ಡಬ್ಲಿನ್ನಿನ ಪಾಲ್ ಒಶಾನಸಿ, ಆಮೇಲೆ ಬಂಕ್ರಾನಾದ ಕೀರನ್ ಟೂರಿಶ್. ಟೂರಿಶ್ ಕೂಡ ಡಿನ್ನಿ ಮೆಕ್‌ಲಾಕ್ಲಿನ್‌ರ ಶಿಷ್ಯ. ಕೊಳಲಿನ ಫ್ರಾಂಕಿಯೂ ಸೇರಿ ಮೂವರೂ ಒಂದೇ ಮಟ್ಟನ್ನು ಒಂದೇ ಉಸಿರಿನಲ್ಲಿ ನುಡಿಸಿ, ಪುನರಾವರ್ತನೆಗೆ ಬಂದಾಗ ಒಬ್ಬರು ಥಟ್ಟನೆ ಕೆಳಸ್ಥಾಯಿಗೆ ಇಳಿಯುತ್ತಿದ್ದರು. ಹಳೆಯ ಜೋಡಿ ವಾದನದ ಬುದ್ಧಿಯೇ ಇದು. ಹಿಂದೆ ಗಿಟಾರು, ಬೂಜೂಕಿ. ತಾಳವಾದ್ಯಕ್ಕೆ ಖಾಯಂ ಜಾಗ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ತಾಳ ಕಮಾನಿನಲ್ಲೇ ಇತ್ತು. ಡೆರಿ ನಗರದ ಗಿಟಾರುವಾದಕ ಡಾಹಿ ಸ್ಪ್ರೂಲ್ ಬಂದದ್ದು ಹಾಡುಗಳಿಗೆ ಲಾಭ. ಅವರು 1971ರಲ್ಲಿ ಮುದ್ರಿಕೆ ತಂದ 'ಸ್ಕಾರಾ ಬ್ರೇ' ಮೇಳದಲ್ಲಿದ್ದವರು. ಡೊನೆಗಾಲ್‌ನ ಐರಿಶ್ ಹಾಡುಗಳಿಗೆ ಹಾರ್ಮನಿ ಕೂಡಿಸುವ ದಾರಿ ತೋರಿದ ತಂಡ ಅದು.

1992ರ ಹೊತ್ತಿಗೆ ಫ್ರಾಂಕಿಗೆ ಕ್ಯಾನ್ಸರ್ ಇರುವುದು ತಿಳಿಯಿತು. ಚಿಕಿತ್ಸೆಯ ನಡುವೆಯೂ ನುಡಿಸಿದರು, ಪ್ರವಾಸ ಮಾಡಿದರು. ತಾವಿಲ್ಲದಾಗಲೂ ಮೇಳ ನಿಲ್ಲಬಾರದೆಂದು ಹೇಳಿದ್ದರು. 1994ರ ಸೆಪ್ಟೆಂಬರ್ 19ರಂದು, 39ನೆಯ ಹುಟ್ಟುಹಬ್ಬಕ್ಕೆ ಕೆಲವೇ ದಿನ ಇದ್ದಾಗ, ತೀರಿಕೊಂಡರು. ಅವರ ನೆನಪಿಗೆ ಗ್ವೀಡೋರಿನಲ್ಲಿ ಹೊಸವರ್ಷದ ಹೊತ್ತಿಗೆ ಚಳಿಗಾಲದ ಸಂಗೀತ ಶಾಲೆ ಶುರುವಾಯಿತು. ಮೇಳದಲ್ಲಿ ಅವರ ಜಾಗಕ್ಕೆ ಇನ್ನೊಬ್ಬ ಕೊಳಲುವಾದಕರನ್ನು ತರಲಿಲ್ಲ. ಬಂದದ್ದು ಡರ್ಮಟ್ ಬರ್ನ್‌ರ ಅಕಾರ್ಡಿಯನ್. ಆ ನಿರ್ಧಾರದಲ್ಲಿ ಒಂದು ಘನತೆ ಇದೆ. 1996ರ 'ಬ್ಲ್ಯಾಕ್‌ವಾಟರ್' ಮುದ್ರಿಕೆಯಲ್ಲಿ ಮರೇಡ್ ಗಂಡನಿಗಾಗಿ ಕಟ್ಟಿದ ಮಟ್ಟೊಂದಿದೆ. ಹೆಸರು 'ಎ ಟ್ಯೂನ್ ಫಾರ್ ಫ್ರಾಂಕಿ', ಅಷ್ಟೇ. ಮಾತಿಲ್ಲ, ಪಿಟೀಲಿನ ನಿಧಾನ ನಡೆ.

ಆ ಮುದ್ರಿಕೆಯನ್ನು ಹೊರತಂದದ್ದು ವರ್ಜಿನ್. ಸಾಂಪ್ರದಾಯಿಕ ಐರಿಶ್ ಮೇಳವೊಂದು ಅಷ್ಟು ದೊಡ್ಡ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡದ್ದು ಆಗ ಸುದ್ದಿ. ಅಮೆರಿಕದ ಗಾಯಕಿ ಡಾಲಿ ಪಾರ್ಟನ್‌ರ 'ಲಿಟಲ್ ಸ್ಪ್ಯಾರೋ' (2001) ಮುದ್ರಿಕೆಯಲ್ಲಿ ಅಲ್ಟನ್ ನುಡಿಸಿತು. ಮರುವರ್ಷ 'ದಿ ಬ್ಲೂ ಐಡಲ್'ನಲ್ಲಿ ಡಾಲಿ ಬಂದು ಹಾಡಿದರು. ಈ ಕಾಲದ ಧ್ವನಿಮುದ್ರಣ ಹೊಳಪಿನದು, ಕೆಲವೊಮ್ಮೆ ಬೇಕಾದ್ದಕ್ಕಿಂತ ಹೊಳಪು. 2010ರಲ್ಲಿ ಮೇಳ ತನ್ನ 25 ವರ್ಷದ ಸಂಭ್ರಮವೆಂದು ಆರ್ಕೆಸ್ಟ್ರಾ ಜೊತೆ ಮಾಡಿದ ಮುದ್ರಿಕೆಯಂತೂ, ಕೋಸಂಬರಿಗೆ ತುಪ್ಪ ಸುರಿದ ಹಾಗೆ. ಗಿಡ್ಡ ಕಮಾನಿನ ಸಿಡಿತ ಅಷ್ಟು ವಯೊಲಿನ್‌ಗಳ ನಡುವೆ ಕಳೆದುಹೋಗುತ್ತದೆ.

ಹಾಡು

ಇಷ್ಟು ಚುರುಕು, ಒರಟು ಕಮಾನಿನ ಕೈಯುಳ್ಳವರ ಕಂಠವೂ ಹಾಗೇ ಇರುತ್ತದೆಂದು ಊಹಿಸಿದರೆ ಅಚ್ಚರಿ ಕಾದಿದೆ. ಮರೇಡ್‌ರದು ತೆಳು, ತಿಳಿ ಕಂಠ, ಕಂಪನವಿಲ್ಲ, ಒತ್ತಡವಿಲ್ಲ. ಐರ್ಲೆಂಡಿನ ಹಳೆಯ ಹಾಡುಗಾರಿಕೆಯನ್ನು 'ಷಾನ್ ನೋಸ್' ಎನ್ನುತ್ತಾರೆ, ಹಾಗೆಂದರೆ 'ಹಳೆಯ ರೀತಿ'. ಪಕ್ಕವಾದ್ಯವಿಲ್ಲದೆ ಒಬ್ಬರೇ ಹಾಡುವುದು ಅದರ ಕ್ರಮ. ಪಶ್ಚಿಮದ ಕಾನಮಾರಾ ಕಡೆ ಅದು ನಮ್ಮ ಗಮಕವನ್ನು ನೆನಪಿಸುವಷ್ಟು ಸುತ್ತು ಬಳುಕಿನದು. ಡೊನೆಗಾಲ್‌ನದು ನೇರ. ಸ್ವರಕ್ಕಿಂತ ಕತೆ ಮುಖ್ಯ, ಕತೆ ಹೇಳುವಾಗ ಹೇಳುವವರು ಮುಂದೆ ಬರಬಾರದು. ಮರೇಡ್ ಗಿಟಾರಿನ ಜೊತೆ ಹಾಡುತ್ತಾರಾದರೂ ಈ ನಡೆ ಬಿಟ್ಟಿಲ್ಲ.

'ಐಲ್ಯಾಂಡ್ ಏಂಜೆಲ್'ನಲ್ಲಿರುವ ಮತ್ಸ್ಯಕನ್ಯೆಯ ಹಾಡನ್ನು ನೋಡಬಹುದು. ಕಡಲಿನಿಂದ ಬಂದ ಹೆಣ್ಣು. ಅವಳ ಮಾಯದ ಹೊದಿಕೆಯನ್ನು ಒಬ್ಬ ಬಚ್ಚಿಟ್ಟ, ಅವಳು ಅವನ ಹೆಂಡತಿಯಾಗಿ ಉಳಿದಳು, ಮಕ್ಕಳಾದವು. ಒಂದು ದಿನ ಹೊದಿಕೆ ಸಿಕ್ಕಿತು, ಕಡಲು ಕರೆಯಿತು. ಹಾಡು ಈ ಕತೆಯನ್ನು ಹೇಳುವುದಿಲ್ಲ. ಕೇಳುವವರಿಗೆ ಗೊತ್ತೆಂದೇ ಲೆಕ್ಕ. ಅದು ತಾಯಿ ಮತ್ತು ಮಗಳ ನಡುವಿನ ಮಾತು ಮಾತ್ರ. ಯಾವ ಸಾಲು ಯಾರದೆಂದು ಮರೇಡ್ ದನಿ ಬದಲಿಸಿ ತೋರಿಸುವುದಿಲ್ಲ. ತಾಯಿಯ ದಣಿವೂ ಮಗಳ ಕರೆಯೂ ಒಂದೇ ಮಟ್ಟಸ ದನಿಯಲ್ಲಿ ಬರುತ್ತವೆ, ಸಾಲಿನ ಕೊನೆಯಲ್ಲಿ ಸ್ವರ ಹಿಡಿದು ನಿಲ್ಲಿಸುವ ಗೋಜಿಲ್ಲ, ಉಸಿರು ಮುಗಿದಲ್ಲಿ ಬಿಟ್ಟುಬಿಡುತ್ತಾರೆ. ನಾಟಕೀಯವಾಗಿ ಹಾಡಿದವರ ಕಂಠದಲ್ಲಿ ಇದೇ ಹಾಡು ಇಷ್ಟು ತಾಗುವುದಿಲ್ಲ.

ಎಲ್ಲವೂ ದುಃಖದ ಹಾಡಲ್ಲ. 'ಹಾರ್ವೆಸ್ಟ್ ಸ್ಟಾರ್ಮ್'ನ 'ಡೋನಲ್ ಅಗಸ್ ಮೋರಗ್' ರಾಥ್ಲಿನ್ ದ್ವೀಪದ ಮದುವೆ ಹಾಡು. ಊಟ, ಕುಡಿತ, ಕುಣಿತದ ಗದ್ದಲ. 'ಡೂಲಮನ್' ಕಡಲಪಾಚಿ ಆಯುವವರ ಹಾಡು, ನಾಲಿಗೆ ತೊಡರುವಷ್ಟು ಓಟ. ಇಂಥವನ್ನು ಹಾಡುವಾಗ ಮಾತ್ರ ಪಿಟೀಲಿನ ಚುರುಕು ಬಾಯಿಗೆ ಬರುತ್ತದೆ. ಇಂಗ್ಲಿಷ್ ಹಾಡುಗಳೂ ಉಂಟು, ಚೆನ್ನಾಗಿಯೂ ಹಾಡುತ್ತಾರೆ. ಆದರೆ ಐರಿಶ್‌ನಲ್ಲಿ ವ್ಯಂಜನಗಳು ಅವರಿಗೆ ಸಲೀಸು. ಆ ಸಲೀಸು ಕೇಳಿಸುತ್ತದೆ. ಅನುವಾದ ಕೊಟ್ಟು ಕ್ಷಮೆ ಕೇಳುವ ಅಭ್ಯಾಸ ಅವರಿಗಿಲ್ಲ. ಹಾಡಿಗೆ ಮುಂಚೆ ಕತೆಯನ್ನು ಎರಡು ಮಾತಿನಲ್ಲಿ ಹೇಳಿ ಶುರುಮಾಡುತ್ತಾರೆ.

ಮೇಳದಾಚೆ

ಐವತ್ತರ ಹೊಸ್ತಿಲಲ್ಲಿ, 2009ರಲ್ಲಿ, ಮೊದಲ ಏಕವ್ಯಕ್ತಿ ಮುದ್ರಿಕೆ ತಂದರು. ಹೆಸರು 'ಇಮಲ್', ಅಂದರೆ ಅಂಚು. ಅಂಚಿನ ಸೀಮೆಯವರಿಗೆ ಒಪ್ಪುವ ಹೆಸರು. ಮೇಳದ ಓಟ ಇಲ್ಲಿಲ್ಲ. ಒಂದೊಂದು ಮಟ್ಟಿಗೂ ಉಸಿರಾಡಲು ಜಾಗ ಇದೆ. ಮರುವರ್ಷ ಟ್ರೀನಾ ಮತ್ತು ಮರೇಡ್ ನೀ ಗೋನಲ್ ಸೋದರಿಯರು, ಕ್ಲಾನಡ್‌ನ ಮೋಯಾ ಬ್ರೆನನ್, ಇವರು, ನಾಲ್ವರು ಡೊನೆಗಾಲ್ ನಂಟಿನ ಹೆಂಗಸರು 'ಟಿ ವಿತ್ ದ ಮ್ಯಾಗೀಸ್' ಎಂಬ ತುಂಟ ಹೆಸರಿನಲ್ಲಿ ಒಟ್ಟಿಗೆ ಹಾಡಿದರು. ನಾರ್ವೆ, ಸ್ವೀಡನ್, ಶೆಟ್ಲೆಂಡ್, ಅಮೆರಿಕದ ಪಿಟೀಲುವಾದಕಿಯರೊಂದಿಗೆ 'ಸ್ಟ್ರಿಂಗ್ ಸಿಸ್ಟರ್ಸ್' ಇನ್ನೊಂದು ಕೂಟ. 'ನಾ ಮೂನೀಸ್' (2016) ಮನೆಯವರೇ ಸೇರಿ ಮಾಡಿದ ಮುದ್ರಿಕೆ. 2006ರಲ್ಲಿ ತೀರಿಕೊಂಡ ತಂದೆಯ ನೆರಳು ಅದರ ಮೇಲಿದೆ.

ಅದೇ 2006ರಲ್ಲಿ ಐರಿಶ್ ಅಂಚೆ ಇಲಾಖೆ ಸಂಗೀತ ಮೇಳಗಳ ನಾಲ್ಕು ಅಂಚೆಚೀಟಿ ಹೊರತಂದಿತು: ಚೀಫ್‌ಟನ್ಸ್, ಡಬ್ಲಿನರ್ಸ್, ಟಾಮಿ ಮೇಕಮ್ ಜೊತೆಗಿನ ಕ್ಲಾನ್ಸಿ ಸಹೋದರರು, ಅಲ್ಟನ್. ಉಳಿದ ಮೂರೂ ಮೇಳಗಳು ಇವರಿಗಿಂತ ಒಂದು ತಲೆಮಾರು ಹಿರಿಯವು. 2017ರಲ್ಲಿ ಐರಿಶ್ ಭಾಷೆಯ ದೂರದರ್ಶನ ವಾಹಿನಿ ಟಿಜಿ4 ಕೊಡುವ 'ಗ್ರಾಡಮ್ ಕ್ಯೋಲ್' ಪ್ರಶಸ್ತಿಗಳಲ್ಲಿ ವರ್ಷದ ಸಂಗೀತಗಾರ್ತಿ ಎಂಬ ಮನ್ನಣೆ ಬಂತು. ಅಲ್ಟನ್ ಇನ್ನೂ ನುಡಿಸುತ್ತಿದೆ. 2024ರ ಮುದ್ರಿಕೆಗೆ ಬೇರೆ ಹೆಸರು ಹುಡುಕಲು ಹೋಗದೆ 'ಡೊನೆಗಾಲ್' ಎಂದೇ ಇಟ್ಟರು.

ಹೊಸದಾಗಿ ಕೇಳುವವರು 'ಐಲ್ಯಾಂಡ್ ಏಂಜೆಲ್'ನಿಂದ ಶುರುಮಾಡಲಿ. ಕೊಳಲು, ಎರಡು ಪಿಟೀಲು, ಹಾಡು ಎಲ್ಲವೂ ಹದವಾಗಿ ಕೂಡಿರುವುದು ಅದರಲ್ಲಿ. ಆಮೇಲೆ 'ಇಮಲ್'. ಆರ್ಕೆಸ್ಟ್ರಾದ್ದು ಕೊನೆಗೆ ಇರಲಿ, ಕೇಳದಿದ್ದರೂ ನಷ್ಟವಿಲ್ಲ.